ಆರು ಸೆಕೆಂಡಿನ ತೀರ್ಮಾನ

ಜೂನ್ ೧೨

ಅಣ್ಣಾ,

ಎಂಟು ತಿಂಗಳು ಮಾತು ಬಿಟ್ಟವಳು ತಾನಾಗಿ ಕಾಗದ ಬರೆದಳು, ಸೋತಳು ಎಂದು ಅತ್ತಿಗೆಯ ಮುಂದೆ ಜಂಬ ಕೊಚ್ಚಿಕೊಳ್ಳಬೇಡ. ನಾನು ಸೋತಿಲ್ಲ. ನಿಮ್ಮೂರಿನ ಇಂಟರ್ನೆಟ್ಟು ಸೋತಿದೆ. ಒಂಬತ್ತು ದಿನದಿಂದ ಅತ್ತಿಗೆಗೆ ಕಳಿಸಿದ ಒಂದು ಮೆಸೇಜೂ ಮುಟ್ಟಿಲ್ಲ. ಫೋನ್ ಮಾಡಿದರೆ ಮೂರು ಸಲ ಪೀಂ ಎಂದು ಸುಮ್ಮನಾಗುತ್ತದೆ. ಇಲ್ಲಿಯ ಪತ್ರಿಕೆಯಲ್ಲಿ ಬಂದದ್ದು ನಾಲ್ಕೇ ಸಾಲು: ಹಳೆ ಮಾರುಕಟ್ಟೆ ತೆರವು ಮಾಡುವಾಗ ಗಲಾಟೆ, ವದಂತಿ ಹರಡದಂತೆ ಫೋನು, ಇಂಟರ್ನೆಟ್ಟು ಎರಡೂ ಬಂದ್. ಎಷ್ಟು ದಿನ ಎಂದು ಬರೆದಿಲ್ಲ. ಅಂಚೆ ಕಚೇರಿಯಲ್ಲಿ ವಿಚಾರಿಸಿದೆ. "ಆ ಕಡೆಗೆ ವಾರಕ್ಕೊಂದು ಗಾಡಿ ಹೋಗತ್ತೆ, ಹಾಕಿ ನೋಡಿ" ಅಂದರು. ಹಾಕಿ ನೋಡುತ್ತಿದ್ದೇನೆ.

ನೀನು ಅವತ್ತು ಫೋನಿನಲ್ಲಿ ನನ್ನ ಕೆಲಸದ ಬಗ್ಗೆ ಅಂದದ್ದು ನನಗೆ ಇನ್ನೂ ಚುಚ್ಚುತ್ತದೆ. "ಲೋಕದ ಹೊಲಸೆಲ್ಲ ಕಣ್ಣಲ್ಲಿ ಗುಡಿಸೋ ಕೆಲಸ, ಬಿಟ್ಟು ಬಾ ಗುಬ್ಬಿ" ಅಂದೆ. ಅದಕ್ಕೆ ನಾನು, ಕರೆಂಟಿನ ಕಂಬ ಹತ್ತಿ ಬಿದ್ದು ಸಾಯುವುದಕ್ಕಿಂತ ವಾಸಿ ಅಂದೆ. ಅದು ತಪ್ಪು. ಅಪ್ಪನೂ ನೀನೂ ಹತ್ತಿದ ಕಂಬಗಳಿಂದಲೇ ನಾನು ಓದಿದ್ದು. ಆದರೆ ನೀನು ಹೇಳಿದ್ದೂ ಪೂರ್ತಿ ಸರಿಯಲ್ಲ. ಜನ ಹಾಕಿದ ವಿಡಿಯೋ ನೋಡಿ ಇದು ಇರಲಿ, ಇದು ಬೇಡ ಎಂದು ಒತ್ತುವುದು ನನ್ನ ಕೆಲಸ. ನಾನು ನೋಡಿ ತೆಗೆದರೆ ಸಾವಿರಾರು ಮಕ್ಕಳು ಅದನ್ನು ನೋಡುವುದು ತಪ್ಪುತ್ತದೆ. ನಮ್ಮ ಭಾಷೆಯ ಮೇಜಿನಲ್ಲಿ ಇರುವವರು ಹನ್ನೊಂದೇ ಜನ. ಒಬ್ಬೊಬ್ಬರು ಏಳೆಂಟು ತಾಸಿನಲ್ಲಿ ನಾನೂರು ನೋಡುತ್ತೇವೆ.

ಅಪ್ಪನ ಕಿವಿ ಹೇಗಿದೆ? ಅತ್ತಿಗೆ ಆಸ್ಪತ್ರೆಯಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರಾ? ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ
ಗುಬ್ಬಿ


ಜೂನ್ ೨೧

ಗುಬ್ಬಿ,

ನಿನ್ನ ಕಾಗದ ನಿನ್ನೆ ಬಂತು. ಲಕೋಟೆಯ ಮೇಲೆ ಅವರ ಹೆಸರಿತ್ತು. ಒಡೆಯಲು ಸ್ವಲ್ಪ ಹೊತ್ತು ಹಿಡಿಯಿತು.

ನಿಮ್ಮಣ್ಣ ಇಲ್ಲ. ಜೂನ್ ಮೂರರ ಮಧ್ಯಾಹ್ನ ಹೋದರು. ನಾಲ್ಕನೇ ತಾರೀಖು ಮಣ್ಣು ಮಾಡಿದೆವು. ಇದನ್ನು ಹೀಗೆ ಬರೆಯಬಾರದು ಎಂದು ನನಗೂ ಗೊತ್ತು. ಬೇರೆ ಹೇಗೆ ಬರೆಯಬೇಕೋ ಗೊತ್ತಾಗಲಿಲ್ಲ. ನಿನಗೆ ತಿಳಿಸಲು ಮೂರು ದಿನ ಒದ್ದಾಡಿದೆ. ಆಸ್ಪತ್ರೆಯ ಒಂದು ಫೋನು ನಡೆಯುತ್ತಿತ್ತು, ಅದರಿಂದ ಊರ ಹೊರಗೆ ಕರೆ ಹೋಗುವುದಿಲ್ಲ. ಲಾರಿಯವನೊಬ್ಬನ ಕೈಗೆ ನಿನ್ನ ವಿಳಾಸ ಬರೆದು ಚೀಟಿ ಕೊಟ್ಟೆ. ಅದು ನಿನಗೆ ಮುಟ್ಟಿಲ್ಲ ಎಂದು ನಿನ್ನ ಕಾಗದ ಓದಿ ತಿಳಿಯಿತು. ಒಂಬತ್ತು ದಿನ ನಾವು ಅತ್ತದ್ದು ನಿನಗೆ ಗೊತ್ತಿರಲಿಲ್ಲ, ನೀನು ಗೊತ್ತಿಲ್ಲದೆ ಜಗಳದ ಲೆಕ್ಕ ಹಾಕುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡ, ಇದ್ದದ್ದು ಹೇಳಿದೆ.

ಮಾರುಕಟ್ಟೆಯವರು ಖಾಲಿ ಮಾಡದೆ ಕೂತಿದ್ದರು. ಮೊದಲು ಕರೆಂಟು ತೆಗೆಯಿರಿ ಎಂದು ಮೇಲಿನಿಂದ ಆರ್ಡರು. ಲೈನು ಕಡಿಯಲು ಇವರನ್ನೇ ಕಳಿಸಿದರು. ಮನಸ್ಸಿಲ್ಲದೆ ಹೋದರು. "ಕಡಿಯೋನು ನಾನು, ಬೈಸಿಕೊಳ್ಳೋನೂ ನಾನು" ಅಂದರು ಬೂಟು ಹಾಕಿಕೊಳ್ಳುತ್ತಾ. ಎರಡು ಗಂಟೆಗೆ ನಾನು ಔಷಧ ಕೋಣೆಯಲ್ಲಿ ಸೂಜಿಯ ಡಬ್ಬಗಳನ್ನು ಜೋಡಿಸುತ್ತಿದ್ದೆ. ಹೊರಗೆ ಸ್ಟ್ರೆಚರಿನ ಸದ್ದು. ಆಸ್ಪತ್ರೆಯಲ್ಲಿ ಆ ಸದ್ದಿಗೆ ಯಾರು ತಲೆ ಎತ್ತುತ್ತಾರೆ? ನಾನೂ ಎತ್ತಲಿಲ್ಲ. ಆಮೇಲೆ ಯಾರೋ ಬಂದು ನನ್ನ ಕೈಯಲ್ಲಿದ್ದ ಡಬ್ಬ ತೆಗೆದಿಟ್ಟರು.

ಬಟ್ಟೆ ಬದಲಿಸುವಾಗ ನಾನಿದ್ದೆ. ಬೆನ್ನ ಮೇಲೆ ಅಡ್ಡಡ್ಡ ಗೆರೆಗಳು, ಕೋಲಿನಷ್ಟು ದಪ್ಪ, ಏಳು ಎಣಿಸಿದೆ. ತಲೆಯ ಹಿಂದೆ ಒಡೆದಿತ್ತು. ಕಂಬದಿಂದ ಬಿದ್ದವನ ಬೆನ್ನಿಗೆ ಏಳು ಗೆರೆ ಎಲ್ಲಿಂದ ಬಂತು ಡಾಕ್ಟ್ರೇ ಎಂದು ಕೇಳಿದೆ. ಹನ್ನೆರಡು ವರ್ಷದಿಂದ ನನ್ನ ಕೈಯಿಂದ ಔಷಧ ತೆಗೆದುಕೊಳ್ಳುವ ಮನುಷ್ಯ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ನನಗೂ ಮಕ್ಕಳಿದ್ದಾರಮ್ಮ" ಅಂದರು.

ಕರೆಂಟಿನ ಕಚೇರಿಯಿಂದ ಕಾಗದ ಬಂದಿದೆ. "ಸುರಕ್ಷತಾ ನಿಯಮ ಪಾಲಿಸದೆ, ಸ್ವಂತ ಅಜಾಗರೂಕತೆಯಿಂದ ಕಂಬದಿಂದ ಬಿದ್ದು ಮೃತಪಟ್ಟಿರುತ್ತಾರೆ." ಮಾವ ಅದನ್ನು ಭೂತಗನ್ನಡಿ ಹಿಡಿದು ನಾಲ್ಕು ಸಲ ಓದಿದರು. ಮಗ ಹೋದ ದಿನ ಗಟ್ಟಿಯಾಗಿದ್ದವರು ಈ ಕಾಗದ ಬಂದ ದಿನ ಕುಸಿದರು. "ಮೂವತ್ನಾಲ್ಕು ವರ್ಷ ನಾನು ಹತ್ತಿದೀನಿ. ಅವನಿಗೆ ಕಲಿಸಿದೋನೂ ನಾನೇ. ಬೆಲ್ಟ್ ಹಾಕ್ದೆ ಮೊದಲನೇ ಮೆಟ್ಲಿಗೂ ಕಾಲಿಡೋನಲ್ಲ. ನನ್ನ ಮಗ ಬೀಳೋನಲ್ಲ" ಎಂದು ಗೋಡೆಗೆ ಹೇಳುತ್ತಾ ಕೂತಿದ್ದಾರೆ. ಊಟ ಬಡಿಸಿದರೂ ಅದೇ ಮಾತು.

ಬರುವುದಾದರೆ ಬಾ. ಹೇಗೆ ಬರುತ್ತೀಯೋ ತಿಳಿಯದು.

ಇಂತಿ,
ಅತ್ತಿಗೆ


ಜುಲೈ ೧

ಅತ್ತಿಗೆ,

ಕಾಗದ ಓದಿ ಬಸ್ ನಿಲ್ದಾಣಕ್ಕೆ ಹೋದೆ. ಟಿಕೆಟ್ ಕೊಡಲಿಲ್ಲ. ನಿಮ್ಮೂರಿಗೆ ಬರಲು ಪರವಾನಗಿ ಬೇಕಂತೆ. ಅದಕ್ಕೆ ಅರ್ಜಿ ಇಂಟರ್ನೆಟ್ಟಿನಲ್ಲಿ ಹಾಕಬೇಕು. ಹಾಕಿದೆ. ಊರಿನ ಕಚೇರಿಯವರು ಅದನ್ನು ಕಂಪ್ಯೂಟರಿನಲ್ಲಿ ತೆರೆದು ಒಪ್ಪಿಗೆ ಕೊಡಬೇಕು. ಊರಿನ ಕಚೇರಿಯಲ್ಲಿ ಇಂಟರ್ನೆಟ್ಟಿಲ್ಲ. ಕೌಂಟರಿನವನಿಗೆ ಇದನ್ನೇ ಹೇಳಿದೆ. "ಅದು ಸರಿ ಮೇಡಂ, ಆದ್ರೆ ನಿಯಮ" ಅಂದ. ಅಲ್ಲೇ ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ. ನಿಮ್ಮ ಕಾಗದದಲ್ಲಿ "ಏಳು ಎಣಿಸಿದೆ" ಎಂಬಲ್ಲಿಗೆ ಬಂದು ಬಂದು ನಿಲ್ಲುತ್ತಿದ್ದೆ.

ನಾನು ಅವನಿಗೆ ಅಂದ ಮಾತು ನಿಮಗೆ ಗೊತ್ತಿದೆ. ಅದರ ಬಗ್ಗೆ ಏನೂ ಬರೆಯಲಾರೆ.

ಅವತ್ತು ಅಲ್ಲಿ ಯಾರಿದ್ದರು? ಯಾರಾದರೂ ನೋಡಿದವರು ಇರಲೇಬೇಕಲ್ಲ?

ಗುಬ್ಬಿ


ಜುಲೈ ೧೨

ಗುಬ್ಬಿ,

ನೋಡಿದವರು ಇದ್ದಾರೆ. ನೂರು ಜನ ನೋಡಿದ್ದಾರೆ, ಯಾರೂ ನೋಡಿಲ್ಲ. ಮಾರುಕಟ್ಟೆಗೆ ಹೋದರೆ ನನ್ನನ್ನು ಕಂಡು ತಕ್ಕಡಿ ಒರೆಸಲು ಶುರು ಮಾಡುತ್ತಾರೆ. ಅವರದೂ ತಪ್ಪಲ್ಲ, ಇಪ್ಪತ್ತಕ್ಕೂ ಹೆಚ್ಚು ಜನ ಇನ್ನೂ ಮನೆಗೆ ಬಂದಿಲ್ಲ. ಎಲ್ಲಿದ್ದಾರೆ ಎಂದು ಕೇಳಲು ಹೋದವರು ಠಾಣೆಯ ಹೊರಗೆ ಕೂತೇ ಇದ್ದಾರೆ.

ಕಡೆಗೆ ಆ ಕಂಬದ ಎದುರಿನ ದರ್ಜಿ ತಾನಾಗಿ ಮನೆಗೆ ಬಂದ. ಇವರ ಪ್ಯಾಂಟೊಂದು ಹೊಲಿಯಲು ಕೊಟ್ಟದ್ದು ಅವನಲ್ಲಿತ್ತು, ಅದನ್ನು ಕೊಡುವ ನೆಪ. ಮಾವನಿಗೆ ಕೇಳದಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ.

"ಅಕ್ಕಾ, ನಾನು ಶಟರ್ ಅರ್ಧ ಎಳೆದು ಕೆಳಗಿಂದ ಫೋನ್ ಹಿಡಿದಿದ್ದೆ. ಅಣ್ಣ ಬಿದ್ದಿಲ್ಲ. ಇಳಿದ್ರು. ಸೊಪ್ಪಿನ ಅಜ್ಜಿ ಕಂಬದ ಬುಡದಲ್ಲಿ ಬಿದ್ದಿದ್ಲು, ಜನ ತುಳೀತಾ ಇದ್ರು. ಅವಳನ್ನ ಎಬ್ಬಿಸೋಕೆ ಇಳಿದ್ರು. ಬಗ್ಗಿದ್ದೋರಿಗೆ ಹಿಂದಿಂದ ಹಾಕಿದ್ರು. ಹಳದಿ ಹೆಲ್ಮೆಟ್ಟು ಉರುಳಿ ನಮ್ಮಂಗಡಿ ಮೆಟ್ಟಿಲವರೆಗೂ ಬಂತು."

ಅವನು ಅದನ್ನು ಅಲ್ಲೇ ನಿಂತು ನಿಮ್ಮ ಕಂಪನಿಯ ಆ್ಯಪಿಗೆ ಹಾಕಿದನಂತೆ. ನಲವತ್ತು ನಿಮಿಷ ಇತ್ತು. ಆಮೇಲೆ "ನಿಯಮ ಮೀರಿದ್ದರಿಂದ ತೆಗೆದುಹಾಕಲಾಗಿದೆ" ಎಂದು ಬಂತು. ಮತ್ತೆ ಹಾಕೋಣ ಎನ್ನುವಷ್ಟರಲ್ಲಿ ಇಂಟರ್ನೆಟ್ಟು ಹೋಯಿತು. ಮಾರನೇ ದಿನ ಪೊಲೀಸರು ಬೀದಿಯವರೆಲ್ಲರ ಫೋನು ಕಸಿದರು, ಅವನದೂ ಹೋಯಿತು. ಈಗ ಆ ವಿಡಿಯೋ ಉಳಿದಿರುವುದು ನಿಮ್ಮ ಕಂಪನಿಯಲ್ಲಿ ಮಾತ್ರ.

ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದ್ದಾರೆ. ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ಸಾಕ್ಷಿ ಕೇಳುತ್ತಾರೆ. ಅವರ ಮುಂದೆ ಇದೊಂದಿದ್ದರೆ ಸಾಕು. ನೀನು ಒಳಗೇ ಇದ್ದೀಯ. ಯಾರನ್ನು ಕೇಳಬೇಕೋ ಕೇಳು, ಕಾಲು ಹಿಡಿಯಬೇಕಾದರೆ ಹಿಡಿ. ಜೂನ್ ಮೂರು, ಮಧ್ಯಾಹ್ನ ಒಂದೂವರೆಯ ನಂತರ. ಇದನ್ನು ಯಾರು ತೆಗೆದರು ಎಂದು ಕೇಳು. ಅವರಿಗೂ ಮನೆಯಲ್ಲಿ ಅಣ್ಣನೋ ತಮ್ಮನೋ ಇರುತ್ತಾನೆ. ಹೇಳಿದರೆ ಅರ್ಥವಾಗುತ್ತದೆ.

ಅತ್ತಿಗೆ


ಜುಲೈ ೩೦

ಗುಬ್ಬಿ,

ಎರಡು ಗಾಡಿ ಬಂದು ಹೋದವು, ನಿನ್ನ ಕಾಗದವಿಲ್ಲ. ನನ್ನದು ಮುಟ್ಟಿತೇ? ಅಂಚೆಯವನು ಮುಟ್ಟಿರಬೇಕು ಅನ್ನುತ್ತಾನೆ. ಕ್ವಾರ್ಟರ್ಸ್ ಬಿಡಿ ಎಂದು ನೋಟಿಸು ಕೊಟ್ಟಿದ್ದಾರೆ. ಅದು ಹಾಗಿರಲಿ. ಮಾವ ಎರಡು ದಿನದಿಂದ ಮಗನ ಬೆಲ್ಟನ್ನು ಮಡಿಲಲ್ಲಿಟ್ಟುಕೊಂಡು ಕೊಂಡಿ ಹಾಕುವುದು, ತೆಗೆಯುವುದು ಮಾಡುತ್ತಿದ್ದಾರೆ. ಸರಿಯಾಗೇ ಇದೆಯಲ್ಲ, ಸರಿಯಾಗೇ ಇದೆಯಲ್ಲ ಅನ್ನುತ್ತಾರೆ.

ಹುಷಾರಿಲ್ಲವೇ ನಿನಗೆ? ಒಂದು ಸಾಲು ಬರೆ.

ಅತ್ತಿಗೆ


ಆಗಸ್ಟ್ ೮

ಅತ್ತಿಗೆ,

ನಿಮ್ಮ ಕಾಗದ ಜುಲೈ ಇಪ್ಪತ್ತಕ್ಕೇ ಮುಟ್ಟಿತ್ತು. ಇದು ನಾನು ಬರೆಯುತ್ತಿರುವ ಆರನೇ ಕಾಗದ. ಐದನ್ನು ಹರಿದೆ.

ಯಾರು ತೆಗೆದರು ಎಂದು ಕೇಳು ಅಂದಿದ್ದಿರಿ. ಕೇಳಬೇಕಾಗಿರಲಿಲ್ಲ. ಹೆಲ್ಮೆಟ್ಟು ಉರುಳಿತು ಎಂಬಲ್ಲಿ ಓದುವಾಗಲೇ ಅದನ್ನು ನಾನು ಕಂಡಿದ್ದೇನೆ ಎನಿಸಿತು. ಆದರೂ ನಾನಿರಲಾರೆ, ಹನ್ನೊಂದು ಜನರಲ್ಲಿ ಬೇರೆ ಯಾರೋ ಇರಬೇಕು ಎಂದುಕೊಂಡೆ. ಮಾರನೇ ದಿನ ಕೆಲಸಕ್ಕೆ ಹೋಗಿ ನನ್ನ ಹಳೆಯ ಪಟ್ಟಿ ತೆಗೆದೆ. ಪ್ರತಿ ತೀರ್ಮಾನದ ಮುಂದೆ ಒತ್ತಿದವರ ನಂಬರು ಇರುತ್ತದೆ. ಜೂನ್ ಮೂರು, ಎರಡು ಗಂಟೆ ಹನ್ನೆರಡು ನಿಮಿಷ. ಕ್ರೌರ್ಯ, ತೆಗೆದುಹಾಕು. ನಂಬರು ನನ್ನದು. ತೆಗೆದುಕೊಂಡ ಸಮಯ ಆರು ಸೆಕೆಂಡು.

ಹೇಗೆ ಗುರುತು ಸಿಗಲಿಲ್ಲ ಎಂದು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ನಾವು ಸದ್ದು ಆರಿಸಿ ನೋಡುತ್ತೇವೆ, ಚೀರಾಟ ಕೇಳಿ ಕೇಳಿ ತಲೆ ಕೆಡದಿರಲಿ ಎಂದು. ಅದೇ ಕಾರಣಕ್ಕೆ ಬಣ್ಣವನ್ನೂ ತೆಗೆದಿಟ್ಟುಕೊಂಡಿರುತ್ತೇವೆ. ರಕ್ತ ಬೂದಿಯಂತೆ ಕಂಡರೆ ಮಧ್ಯಾಹ್ನದ ಊಟ ಸೇರುತ್ತದೆ. ಪೂರ್ತಿ ನೋಡುವುದಿಲ್ಲ, ಅಲ್ಲಲ್ಲಿ ಎಳೆದು ನೋಡುತ್ತೇವೆ. ನಾನು ಕಂಡದ್ದು ಬಗ್ಗಿದ ಒಂದು ಬೆನ್ನು, ಎತ್ತಿದ ಒಂದು ಲಾಠಿ, ನೆಲದ ಮೇಲೆ ಉರುಳುವ ಬೂದು ಬಣ್ಣದ ಹೆಲ್ಮೆಟ್ಟು. ಅವನು ತುಂಬಾ ಇಳಿದುಹೋಗಿದ್ದ, ಅತ್ತಿಗೆ. ನಾನು ಊರಿಗೆ ಬಾರದ ಎರಡು ವರ್ಷದಲ್ಲಿ ಅಷ್ಟು ಇಳಿದದ್ದು ನನಗೆ ಗೊತ್ತಿರಲಿಲ್ಲ. ಇದು ನೆಪವಲ್ಲ. ನಡೆದದ್ದು.

ಮೇಲ್ವಿಚಾರಕರ ಹತ್ತಿರ ಹೋದೆ. ಸತ್ತವನು ನನ್ನ ಅಣ್ಣ ಎಂದು ಹೇಳಿದೆ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಕಂಪ್ಯೂಟರು ನೋಡಿ, "ನಿಮ್ಮ ತೀರ್ಮಾನ ಸರಿಯಾಗಿಯೇ ಇದೆ. ಪರಿಶೀಲನೆಯಲ್ಲಿ ನೂರಕ್ಕೆ ನೂರು ಬಂದಿದೆ" ಅಂದರು. ಸಮಾಧಾನಕ್ಕೆ ಹೇಳಿದ್ದು ಅದು. ಒಳ್ಳೆಯ ಮನುಷ್ಯ.

ಈಗ ಮುಖ್ಯ ವಿಷಯ. ತೆಗೆದ ವಿಡಿಯೋ ತೊಂಬತ್ತು ದಿನ ಕಂಪನಿಯಲ್ಲಿರುತ್ತದೆ, ಆಮೇಲೆ ತಾನಾಗಿ ಅಳಿಸಿಹೋಗುತ್ತದೆ. ಸೆಪ್ಟೆಂಬರ್ ಒಂದಕ್ಕೆ ಮುಗಿಯುತ್ತದೆ. ವಾಪಸ್ಸು ತರಿಸಲು ಎರಡೇ ದಾರಿ. ವಿಚಾರಣಾಧಿಕಾರಿ ಕಂಪನಿಯ ವೆಬ್‌ಸೈಟಿನಲ್ಲಿ ಕೋರಿಕೆ ಹಾಕಬೇಕು. ಇಲ್ಲವೇ ದರ್ಜಿ ತನ್ನ ಖಾತೆಯೊಳಗೆ ಹೋಗಿ, ತೆಗೆದದ್ದು ತಪ್ಪು, ಮತ್ತೆ ನೋಡಿ ಎಂದು ಒತ್ತಬೇಕು. ಇಂಟರ್ನೆಟ್ಟು ಇರುವ ಪಕ್ಕದ ಊರಿಗೆ ಅವನನ್ನು ಹೇಗಾದರೂ ಕರೆದುಕೊಂಡು ಹೋಗಿ. ನನಗೆ ಅದನ್ನು ಹೊರಗೆ ತರುವ ಅಧಿಕಾರವಿಲ್ಲ. ಫೋನು, ಪೆನ್ನು, ಕಾಗದ, ಏನೂ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಜೇಬು ತಡಕುತ್ತಾರೆ.

ಅಪ್ಪನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಗುಬ್ಬಿ


ಆಗಸ್ಟ್ ೧೭

ಗುಬ್ಬಿ,

ಮಾವನಿಗೆ ಹೇಳಿಲ್ಲ.

ಆರು ಸೆಕೆಂಡು. ನಾನು ಒಂದು ಮಾತ್ರೆ ಕೊಡುವ ಮೊದಲು ಚೀಟಿ ನೋಡುತ್ತೇನೆ, ಡಬ್ಬ ನೋಡುತ್ತೇನೆ, ತಾರೀಖು ನೋಡುತ್ತೇನೆ, ಎದುರಿಗೆ ನಿಂತವರ ಮುಖ ನೋಡುತ್ತೇನೆ. ತಲೆನೋವಿನ ಮಾತ್ರೆಗೂ ಅಷ್ಟು ಹೊತ್ತು ಹಿಡಿಯುತ್ತದೆ. ನಿನ್ನ ಕಾಗದ ಓದಿ ಒಲೆಗೆ ಹಾಕಲು ಹೋದೆ. ದರ್ಜಿಗೆ ದಾರಿ ಬರೆದಿದ್ದೀಯಲ್ಲ, ಅದಕ್ಕಾಗಿ ಉಳಿಸಿದೆ. ನಿನ್ನನ್ನು ಎಂಟು ವರ್ಷದವಳಿದ್ದಾಗಿನಿಂದ ಕಂಡವಳು ನಾನು. ಜಡೆ ಹೆಣೆದವಳು. ಬೈಯಲು ನನಗೆ ಹಕ್ಕಿದೆ, ಆದರೆ ಬೈಗುಳ ಸಿಗುತ್ತಿಲ್ಲ.

ಹೋಗಿ ಬಂದೆವು. ಆಸ್ಪತ್ರೆಗೆ ಔಷಧ ತರುವ ವ್ಯಾನಿನಲ್ಲಿ ನನಗೆ ಪಾಸು ಇದೆ, ದರ್ಜಿಯನ್ನು ಡಬ್ಬ ಹೊರುವವನು ಎಂದು ಹತ್ತಿಸಿಕೊಂಡೆ. ಪಕ್ಕದ ಊರು ಎಪ್ಪತ್ತು ಕಿಲೋಮೀಟರು. ಅಲ್ಲಿ ಕಂಪ್ಯೂಟರಿನ ಅಂಗಡಿಯಲ್ಲಿ ಕೂತು ದರ್ಜಿ ಹೆಸರು, ಪಾಸ್‌ವರ್ಡು ಎಲ್ಲ ಸರಿಯಾಗಿ ಹಾಕಿದ. ಹೊಸ ಜಾಗದಿಂದ ಬಂದಿದ್ದೀರಿ, ನಿಮ್ಮ ಫೋನಿಗೆ ಆರು ಅಂಕಿ ಕಳಿಸಿದ್ದೇವೆ, ಅದನ್ನು ಒತ್ತಿ ಎಂದಿತು. ನಾವಿಬ್ಬರೂ ಪರದೆ ನೋಡುತ್ತಾ ಕೂತೆವು. "ಅಕ್ಕಾ, ಅದು ಠಾಣೆ ಬೀರುವಿನಲ್ಲಿದೆ" ಅಂದ. ಅವನಿಗೆ ನಗು ಬಂತು. ನನಗೂ ಬಂತು. ಅಂಗಡಿಯವನು ನಮ್ಮನ್ನು ವಿಚಿತ್ರವಾಗಿ ನೋಡಿದ.

ಫೋನಿನ ಕಂಪನಿಗೆ ಹೋಗಿ ಅದೇ ನಂಬರಿಗೆ ಬೇರೆ ಸಿಮ್ ಕೇಳಿದೆವು. ಹಳೆಯದು ಕಳೆದಿದೆ ಎಂದು ಪೊಲೀಸ್ ಠಾಣೆಯಿಂದ ಪತ್ರ ತನ್ನಿ ಅಂದರು. ಕಳೆದಿಲ್ಲ, ಠಾಣೆಯಲ್ಲೇ ಇದೆ ಎಂದ ದರ್ಜಿ. ಹಾಗಾದರೆ ಕಳೆದಿಲ್ಲವಲ್ಲ ಅಂದರು.

ವಿಚಾರಣಾಧಿಕಾರಿಯ ಕಚೇರಿಗೂ ಹೋಗಿದ್ದೆ. ಗುಮಾಸ್ತ ನನ್ನ ಅರ್ಜಿಗೆ ಮೊಹರು ಒತ್ತಿ, "ಸಾಹೇಬರು ಸಹಿ ಮಾಡಿದ ಮೇಲೆ ಹೊರಗಡೆ ಕಳಿಸಿ ಇಂಟರ್ನೆಟ್ಟಲ್ಲಿ ಹಾಕಿಸ್ತೀವಿ" ಅಂದ. ಯಾವಾಗ? "ಕಡತ ಮೇಲೆ ಹೋಗಿದೆ." ಸೆಪ್ಟೆಂಬರ್ ಒಂದರೊಳಗೆ ಆಗಬೇಕು ಎಂದು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಬಂದಿದ್ದೇನೆ.

ನಿನ್ನಿಂದ ಇನ್ನೇನಾದರೂ ಆಗುವುದಿದ್ದರೆ ಮಾಡು. ಆಗದಿದ್ದರೆ ಬರೆಯಬೇಡ.

ಅತ್ತಿಗೆ


ಸೆಪ್ಟೆಂಬರ್ ೨

ಅತ್ತಿಗೆ,

ನಿನ್ನೆ ಅದು ಅಳಿಸಿಹೋಯಿತು. ಬೆಳಿಗ್ಗೆ ಪಟ್ಟಿಯಲ್ಲಿತ್ತು, ಊಟ ಮುಗಿಸಿ ಬಂದಾಗ ಆ ಸಾಲಿನ ಮುಂದೆ "ಲಭ್ಯವಿಲ್ಲ" ಎಂದಿತ್ತು. ಯಾವ ಅಧಿಕಾರಿಯ ಕೋರಿಕೆಯೂ ಬಂದಿರಲಿಲ್ಲ.

ನಾನು ಮಾಡಿದ್ದು ಇಷ್ಟು. ನಮ್ಮ ಹಳೆಯ ತೀರ್ಮಾನಗಳನ್ನು ನೋಡಿ ಕಲಿಯಲಿ ಎಂದು ದಿನಕ್ಕೆ ಹತ್ತು ನಿಮಿಷ ಕೊಡುತ್ತಾರೆ. ಯಾರೂ ಬಳಸುವುದಿಲ್ಲ, ಆ ಹೊತ್ತಿನಲ್ಲಿ ಚಹಾ ಕುಡಿಯುತ್ತಾರೆ. ನಿಮಗೆ ಹಿಂದಿನ ಕಾಗದ ಹಾಕಿದ ಮಾರನೇ ದಿನದಿಂದ ನಾನು ಪ್ರತಿದಿನ ಆ ಹತ್ತು ನಿಮಿಷ ಅಣ್ಣನ ವಿಡಿಯೋ ತೆಗೆದು ಕೂತೆ. ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡು ಇತ್ತು. ಸದ್ದು ಹಾಕಿ, ಬಣ್ಣ ಹಾಕಿ ನೋಡಿದೆ. ದಿನಕ್ಕೆ ಹತ್ತು ಸೆಕೆಂಡಿನಷ್ಟು ಬಾಯಿಪಾಠ ಮಾಡುವುದು, ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನಲ್ಲಿ ಬರೆಯುವುದು. ಮೊದಲ ದಿನ ಎರಡು ಸೆಕೆಂಡು ಮಾತ್ರ ಆಯಿತು, ಪರದೆ ಆರಿಸಿ ಎದ್ದು ಹೋದೆ. ಆಮೇಲೆ ರೂಢಿಯಾಯಿತು. ರೂಢಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಒಂಬತ್ತು ಹಾಳೆಯ ಹೇಳಿಕೆ ಇದರ ಜೊತೆಗಿದೆ. ಯಾವ ಸೆಕೆಂಡಿಗೆ ಏನು, ಯಾರ ಕೈಯಲ್ಲಿ ಏನು, ಹಿಂದೆ ಕಾಣುವ ಅಂಗಡಿಯ ಬೋರ್ಡು, ಎಲ್ಲ ಇದೆ. ಹನ್ನೊಂದನೇ ಸೆಕೆಂಡಿಗೆ ಅವನು ಕೊನೆಯ ಮೆಟ್ಟಿಲಿಗೆ ಇಳಿಯುತ್ತಾನೆ, ಎಡಗೈಯಲ್ಲಿ ಕಂಬ ಹಿಡಿದೇ ಬಲಗೈಯಲ್ಲಿ ಬೆಲ್ಟಿನ ಕೊಂಡಿ ಬಿಚ್ಚುತ್ತಾನೆ. ಇಪ್ಪತ್ತಕ್ಕೆ ಅಜ್ಜಿಯ ತೋಳಿಗೆ ಕೈ ಹಾಕುತ್ತಾನೆ. ಮೂವತ್ತೊಂದರಿಂದ ಹೊಡೆತ. "ನಾನು ಕರೆಂಟಿನೋನು, ನಾನು ಕರೆಂಟಿನೋನು" ಎಂದು ಮೂರು ಸಲ ಅನ್ನುತ್ತಾನೆ. ಅಜ್ಜಿಯ ಮೇಲೆ ಬಗ್ಗಿಕೊಂಡೇ ಇರುತ್ತಾನೆ, ಏಳುವುದಿಲ್ಲ. ಎದ್ದಿದ್ದರೆ ಓಡಬಹುದಿತ್ತು. ನೀವು ಏಳು ಎಣಿಸಿದ್ದಿರಿ. ಒಂಬತ್ತು.

ಹೇಳಿಕೆಗೆ ಸಹಿ ಹಾಕಿದ್ದೇನೆ. ಸಾಕ್ಷಿಯಾಗಿ ಕರೆಯಿರಿ ಎಂದು ಅಧಿಕಾರಿಗೆ ಬೇರೆಯಾಗಿ ಬರೆದಿದ್ದೇನೆ. ಸಮನ್ಸ್ ಬಂದರೆ ಅದೇ ಪರವಾನಗಿಯಾಗುತ್ತದೆಯಂತೆ. ಇಲ್ಲಿ ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗ ಬರೆದುಕೊಟ್ಟಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ. ಹೋಗಲಿ.

ಅಪ್ಪನಿಗೆ ಈಗ ಹೇಳಿ. ಪೂರ್ತಿ ಹೇಳಿ. ನನ್ನ ನಂಬರಿನದನ್ನೂ.

ಗುಬ್ಬಿ


ಅಕ್ಟೋಬರ್ ೧೪

ಗುಬ್ಬಿ,

ಸಮನ್ಸಿಗೆ ಬಂದು ನೀನು ಹೋಗಿ ಇಪ್ಪತ್ತು ದಿನವಾಯಿತು. ಅವತ್ತು ನಾನು ನಿನ್ನನ್ನು ಮನೆಗೆ ಕರೆಯಲಿಲ್ಲ. ನೀನು ಸಾಕ್ಷಿ ಹೇಳಿ ನೇರ ಬಸ್ಸಿಗೆ ಹೋದೆ. ಕರೆಯಬೇಕೆಂದು ಬಾಯಿ ತೆಗೆದಿದ್ದೆ. ಅದು ಹಾಗೇ ಉಳಿಯಿತು.

ವರದಿ ಬಂದಿದೆ. ನಿನ್ನ ಬಗ್ಗೆ ಇರುವುದನ್ನು ಹಾಗೇ ಇಳಿಸುತ್ತೇನೆ. "ಸದರಿ ದೃಶ್ಯಾವಳಿಯು ಲಭ್ಯವಿಲ್ಲದ ಕಾರಣ ಪರಿಗಣಿಸಲಾಗಿಲ್ಲ. ಮೃತನ ಸ್ವಂತ ತಂಗಿಯಾದ ಸಾಕ್ಷಿಯು, ದೃಶ್ಯವನ್ನು ಮೊದಲ ಬಾರಿ ಕಂಡಾಗ ಅಣ್ಣನನ್ನು ಗುರುತಿಸಲಿಲ್ಲವೆಂದು ತಾನೇ ಒಪ್ಪಿಕೊಂಡಿದ್ದಾಳೆ. ಆಗ ಗುರುತಿಸದವಳು ನಂತರ ಗುರುತಿಸಿದೆನೆಂಬುದು ನಂಬಲರ್ಹವಲ್ಲ." ಸಾವಿಗೆ ಕಾರಣ ಅದೇ, ಸ್ವಂತ ಅಜಾಗರೂಕತೆ. ದರ್ಜಿ ಕೊನೆಗೆ ಬಾಯಿ ಬಿಡಲಿಲ್ಲ. ಹಿಂದಿನ ದಿನ ಅವನ ತಮ್ಮನನ್ನು ಠಾಣೆಗೆ ಕರೆದಿದ್ದರು. ಅವನ ಮೇಲೆ ಸಿಟ್ಟಾಗಲು ನನಗೆ ಆಗುತ್ತಿಲ್ಲ.

ಒಳಗೆ ಆ ಅಧಿಕಾರಿ ನಿನ್ನನ್ನು "ದಿನಕ್ಕೆ ನಾನೂರು ನೋಡ್ತೀರಿ, ಅದರಲ್ಲಿ ಇದೊಂದು ಹೇಗಮ್ಮ ನೆನಪಿದೆ?" ಎಂದು ಕೇಳಿದಾಗ ನೀನು, ಉಳಿದದ್ದೂ ನೆನಪಿರಬೇಕಿತ್ತು ಸಾರ್ ಅಂದೆ. ಅದನ್ನು ವರದಿಯಲ್ಲಿ ಬರೆದಿಲ್ಲ. ನಾನು ಕೇಳಿಸಿಕೊಂಡೆ.

ವರಾಂಡದಲ್ಲಿ ಮಾವ ನಿನ್ನ ಕಿವಿಯ ಹತ್ತಿರ ಬಂದು, "ಬೆಲ್ಟ್ ಎಲ್ಲಿ ಬಿಚ್ಚಿದ?" ಎಂದರಲ್ಲ. ನೀನು ಅವರ ಎಡಗೈಯನ್ನು ಕಂಬದ ಮೇಲಿಟ್ಟು ತೋರಿಸಿದೆ. ಅವರು ತಲೆಯಾಡಿಸಿದ್ದು ನೋಡಿದೆಯಾ? ಅದನ್ನು ಕಲಿಸಿದ್ದು ಅವರೇ ಅಂತೆ. ಅವತ್ತಿನಿಂದ ಗೋಡೆಗೆ ಹೇಳುವುದು ನಿಂತಿದೆ. ವರದಿ ಓದಿದರೂ ಮಡಚಿ ಬದಿಗಿಟ್ಟರು. "ಇಳಿದಿದಾನೆ. ಬರ್ಕೊಳ್ಳೋರು ಬರ್ಕೊಳ್ಳಲಿ" ಅಂದರು. ನೀನು ಒತ್ತಿದ್ದನ್ನೂ ಹೇಳಿದ್ದೇನೆ. ಸಂಜೆ, "ಅವಳು ಊಟ ಮಾಡ್ತಾಳಂತಾ?" ಎಂದು ಕೇಳಿದರು. ಕೆಲಸ ಹೋದದ್ದು ಅವರಿಗೆ ಗೊತ್ತಿಲ್ಲ.

ಕ್ವಾರ್ಟರ್ಸ್ ಬಿಟ್ಟೆವು. ಆಸ್ಪತ್ರೆಯ ಹಿಂದೆ ಎರಡು ಕೋಣೆ ಸಿಕ್ಕಿದೆ, ವಿಳಾಸ ಹಿಂದಿನ ಪುಟದಲ್ಲಿದೆ.

ಈ ಕಾಗದ ಬರೆಯಲು ಕಾರಣ ಬೇರೆ. ನೀನು ಸಾಕ್ಷಿ ಹೇಳಿದ ಸುದ್ದಿ ಮಾರುಕಟ್ಟೆಯಲ್ಲಿ ಹರಡಿದೆ. ಇಂಟರ್ನೆಟ್ಟಿಲ್ಲದೆಯೇ ಹರಡಿದೆ. ಅವತ್ತು ಎಷ್ಟೋ ಜನ ವಿಡಿಯೋ ತೆಗೆದು ಹಾಕಿದ್ದರಂತೆ, ಎಲ್ಲವೂ ಹೋಗಿವೆ. ಮನೆಗೆ ಬಾರದವರ ಕಡೆಯವರು ನನ್ನ ಔಷಧದ ಕಿಟಕಿಗೆ ಬರುತ್ತಿದ್ದಾರೆ. ಚೀಟಿಯಿಲ್ಲದೆ ಸಾಲಿನಲ್ಲಿ ನಿಲ್ಲುತ್ತಾರೆ. ಸರದಿ ಬಂದಾಗ, "ನಿಮ್ಮ ನಾದಿನಿ ನಮ್ಮೋನ್ನ ನೋಡಿರಬಹುದಾ?" ಎನ್ನುತ್ತಾರೆ. ಐದು ಜನರದ್ದು ಬರೆದುಕೊಂಡಿದ್ದೇನೆ.

ಒಬ್ಬ, ಮೀನಿನ ಅಂಗಡಿಯವನು, ಐವತ್ತು ದಾಟಿದೆ, ಕೆಂಪು ಅಂಗಿ. ಇನ್ನೊಬ್ಬ ತೂಕದ ಕಟ್ಟೆಯ ಹಮಾಲಿ, ನೀಲಿ ಚೌಕಳಿ ಲುಂಗಿ. ಅಣ್ಣತಮ್ಮಂದಿರಿಬ್ಬರು, ಒಂದೇ ಬೈಕಿನಲ್ಲಿ ಬಂದವರು, ಹಸಿರು ಟೀ ಶರ್ಟು ಇಬ್ಬರದೂ. ಕೊನೆಯವನು ಹಣ್ಣು ಮಾರುವವಳ ಮಗ. ಹತ್ತೊಂಬತ್ತು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ. ಅವಳು ಹೆಚ್ಚು ಮಾತಾಡಲಿಲ್ಲ. ಕಿಟಕಿಯ ಸರಳು ಹಿಡಿದು, "ಸತ್ತಿದ್ರೆ ಸತ್ತ ಅನ್ಲಿ" ಅಂದಳು.

ನಿನ್ನನ್ನು ಕೇಳಲು ನನಗೆ ಸಂಕಟವಾಗುತ್ತದೆ. ಆದರೆ ಕೇಳುತ್ತಿದ್ದೇನೆ.

ಅತ್ತಿಗೆ


ಅಕ್ಟೋಬರ್ ೨೩

ಅತ್ತಿಗೆ,

ಮೂರು ದಿನ ಬೇರೆ ಏನೂ ಮಾಡದೆ ಕೂತಿದ್ದೆ. ಕೆಲಸವಿಲ್ಲ, ಹೊತ್ತಿದೆ. ಕಣ್ಣು ಮುಚ್ಚಿ ಜೂನ್ ಮೂರರ ಮಧ್ಯಾಹ್ನವನ್ನು ಒಂದೊಂದಾಗಿ ಎಳೆದು ನೋಡಿದೆ. ನಮ್ಮೂರಿನ ಮಾರುಕಟ್ಟೆ ಅವತ್ತು ನನ್ನ ಪರದೆಗೆ ಎಷ್ಟು ಸಲ ಬಂತೋ ಗೊತ್ತಿಲ್ಲ. ಮೂವತ್ತಿರಬಹುದು. ಅದು ನಮ್ಮೂರೆಂದೇ ನಾನು ಗಮನಿಸಿರಲಿಲ್ಲ. ಬೇರೆ ಬೇರೆ ಊರುಗಳ ಬೀದಿಗಳು ಲಾಠಿ ಬೀಸುವಾಗ ಒಂದೇ ತರಹ ಕಾಣುತ್ತವೆ.

ಕೆಂಪು ಅಂಗಿ, ನೀಲಿ ಲುಂಗಿ, ಹಸಿರು ಟೀ ಶರ್ಟು ನನಗೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ಪರದೆಯಲ್ಲಿ ಎಲ್ಲರೂ ಬೂದು ಬಣ್ಣದವರು. ಅವರ ಮನೆಯವರನ್ನು ಮತ್ತೆ ಕೇಳಿ. ನಡಿಗೆ ಹೇಗೆ, ಕೈಯಲ್ಲಿ ಏನಿತ್ತು, ತಲೆಗೂದಲು, ಗಡಿಯಾರ, ಬಣ್ಣ ಬಿಟ್ಟು ಏನಿದ್ದರೂ ಬರೆದು ಕಳಿಸಿ. ಈಗ ಆ ನಾಲ್ವರ ಬಗ್ಗೆ ನೆನಪಿಲ್ಲ ಎಂದೇ ಹೇಳಬೇಕು. ನೋಡಿಲ್ಲ ಎಂದಲ್ಲ, ನೆನಪಿಲ್ಲ ಎಂದು. ಆ ವ್ಯತ್ಯಾಸವನ್ನು ಅವರಿಗೆ ಹೇಳಿ. ನೋವಾದರೂ ಹೇಳಿ. ಇನ್ನೂ ಯಾರಾದರೂ ಕಿಟಕಿಗೆ ಬಂದರೆ ಕಳಿಸಬೇಡಿ, ಬರೆದುಕೊಳ್ಳಿ.

ಹಣ್ಣಿನವಳ ಮಗನನ್ನು ನೋಡಿದ್ದೇನೆ. ಕಾಲು ಎಳೆಯುತ್ತಾನೆ ಎಂದಿರಿ, ಅದರಿಂದ ಸಿಕ್ಕ. ತೂಕದ ಕಟ್ಟೆಯ ಪ‍ಕ್ಕದ ಸಂದಿ ಅದು. ಅವನ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. ಹಿಂದಿನಿಂದ ಮೂವರು ಬರುತ್ತಿದ್ದರು. ಪಕ್ಕದಲ್ಲಿ ಇನ್ಯಾರದೋ ತಲೆಯಿಂದ ರಕ್ತ ಸುರಿಯುತ್ತಿತ್ತು. ಆ ರಕ್ತ ಕಂಡಕೂಡಲೇ ನನ್ನ ಬೆರಳು ಒತ್ತಿತು, ನಾಲ್ಕೋ ಐದೋ ಸೆಕೆಂಡಿಗೆ. ಅದರ ನಂತರದ್ದು ನನಗೆ ಗೊತ್ತಿಲ್ಲ. ಅದೂ ಅಳಿಸಿಹೋಗಿದೆ. ಸತ್ತ ಎನ್ನಲು ನನ್ನಿಂದಾಗದು, ಬದುಕಿದ್ದಾನೆ ಎನ್ನಲೂ ಆಗದು.

ಅವಳನ್ನು ಒಳಗೆ ಕರೆದು ಕೂರಿಸಿ ಹೇಳಿ, ಕಿಟಕಿಯಲ್ಲಿ ನಿಲ್ಲಿಸಿ ಹೇಳಬೇಡಿ. ನಾನು ನೋಡಿದಷ್ಟು ಹೊತ್ತು ಅವಳ ಮಗ ಓಡುತ್ತಿದ್ದ.

ನಿಮ್ಮ
ಗುಬ್ಬಿ